ಮೂರು ಬೊಗಸೆ ಪೆಕಾನ್, ಹತ್ತು ಸಾಲು ಕಸೂತಿ

2007ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಹಳೇ ಸಾಮಾನಿನ ಸಂತೆಯೊಂದರಲ್ಲಿ ಒಬ್ಬಾಕೆ ಒಂದಿಷ್ಟು ಹಳೆ ಬಟ್ಟೆ ಕೊಂಡರು. ಅದರ ನಡುವೆ ತೇಪೆ ಹಾಕಿದ ಹತ್ತಿಯ ಚೀಲವೊಂದಿತ್ತು. ಕಾಳು-ಕಡಿ ತುಂಬಿಡುವಂಥ ಸಾದಾ ಚೀಲ. ಅದರ ಮೇಲೆ ಬಣ್ಣದ ದಾರದಲ್ಲಿ ಹತ್ತು ಸಾಲು ಕಸೂತಿ. ಹಾಕಿದಾಕೆ ರೂತ್ ಮಿಡಲ್ಟನ್, ಹಾಕಿದ ವರ್ಷ 1921. ಆ ಸಾಲುಗಳು ಹೇಳುವುದಿಷ್ಟು: ನನ್ನ ಮುತ್ತಜ್ಜಿ ರೋಸ್. ಸೌತ್ ಕ್ಯಾರೊಲಿನಾದಲ್ಲಿ ಆಕೆಯ ಮಗಳು ಆಶ್ಲಿಯನ್ನು 9ನೇ ವಯಸ್ಸಿಗೆ ಮಾರಿದಾಗ ರೋಸ್ ಈ ಚೀಲ ಕೊಟ್ಟಳು. ಒಳಗೆ ಒಂದು ಹರಕು ಉಡುಪು, ಮೂರು ಬೊಗಸೆ ಪೆಕಾನ್ ಕಾಯಿ (ಅಕ್ರೋಟಿನಂಥ ಬೀಜ), ತನ್ನ ತಲೆಗೂದಲಿನ ಒಂದು ಜಡೆ. ಇದರ ತುಂಬ ನನ್ನ ಪ್ರೀತಿ ಯಾವತ್ತೂ ಇರುತ್ತದೆ ಎಂದಳು. ಮಗಳನ್ನು ಮತ್ತೆ ಕಾಣಲೇ ಇಲ್ಲ. ಆಶ್ಲಿ ನನ್ನ ಅಜ್ಜಿ.

ಈ ಸಾಲುಗಳ ಬೆನ್ನು ಹತ್ತಿದ ಸಂಶೋಧಕರು ಕೊನೆಗೆ ಮುಟ್ಟಿದ್ದು ಚಾರ್ಲ್ಸ್‌ಟನ್ ನಗರದ ರಾಬರ್ಟ್ ಮಾರ್ಟಿನ್ ಎಂಬ ಶ್ರೀಮಂತ ಗುಲಾಮ-ಮಾಲೀಕನ ಆಸ್ತಿಪಟ್ಟಿಯನ್ನು. ಆತ 1852ರಲ್ಲಿ ಸತ್ತ ಮೇಲೆ ಮನೆಯ ಸಾಮಾನಿನ ಜೊತೆ ಮನುಷ್ಯರಿಗೂ ಬೆಲೆ ಕಟ್ಟಿ ಬರೆದ ಪಟ್ಟಿ ಅದು. ಅದರಲ್ಲಿ ರೋಸ್ ಎಂಬ ಹೆಂಗಸಿದ್ದಾಳೆ, 700 ಡಾಲರ್. ಆಶ್ಲಿ ಎಂಬ ಹುಡುಗಿಯಿದ್ದಾಳೆ, 300 ಡಾಲರ್. ಇವರು ತಾಯಿ-ಮಗಳು ಎಂದು ಪಟ್ಟಿಯಲ್ಲಿಲ್ಲ. ಸಂಶೋಧಕರ ಬಲವಾದ ಊಹೆಯಂತೆ ಒಂದೇ ತಾಯಿ-ಮಗಳಿಗೆ ಸಂಬಂಧಿಸಿದ ಎರಡು ದಾಖಲೆಗಳಿವು. ಒಂದನ್ನು ಬರೆಸಿದ್ದು ಮಾಲೀಕನ ಮನೆ, ಇನ್ನೊಂದನ್ನು ಬರೆದದ್ದು ಮೊಮ್ಮಗಳ ಸೂಜಿ. ಮೊದಲನೆಯದು ನೂರೈವತ್ತು ವರ್ಷ ಸರಕಾರಿ ಕಡತದಲ್ಲಿ ಭದ್ರವಾಗಿ ಉಳಿಯಿತು. ಎರಡನೆಯದು ಸಂತೆಯ ಚಿಂದಿಯಲ್ಲಿ ಸಿಕ್ಕಿತು.

ಅಮೆರಿಕದ ಕಪ್ಪು ಕುಟುಂಬಗಳು ತಮ್ಮ ಕಥೆಗಳನ್ನು ಮುಂದಿನ ತಲೆಮಾರಿಗೆ ಉಳಿಸಬೇಕು ಎಂದು ಇಂದು ಇಷ್ಟು ತೀವ್ರವಾಗಿ ಮಾತಾಡುತ್ತಿರುವುದು ಯಾಕೆ ಎಂಬುದಕ್ಕೆ ಉತ್ತರ ಈ ಎರಡು ದಾಖಲೆಗಳ ನಡುವಿನ ಅಂತರದಲ್ಲಿದೆ. ಅಜ್ಜ-ಅಜ್ಜಿಯರ ನೆನಪು ಮಾಸುವುದು ಎಲ್ಲ ಮನೆಗಳಲ್ಲೂ ಇರುವುದೇ. ಇಲ್ಲಿ ನಡೆದದ್ದು ಮಾಸುವಿಕೆ ಅಲ್ಲ. ಇವರ ನೆಂಟಸ್ತಿಕೆ ಕಾಗದದ ಮೇಲೆ ಬಾರದಂತೆ ನೋಡಿಕೊಂಡದ್ದು ಕಾನೂನು. ಆದ್ದರಿಂದ ಈ ಮನೆಗಳಲ್ಲಿ ಅಜ್ಜಿಯ ಮಾತನ್ನು ಬರೆದಿಡುವುದೆಂದರೆ ಹಳೆಯ ಕಾಲವನ್ನು ನೆನೆದು ಸುಖಪಡುವುದಲ್ಲ. ಕಸಿದುಕೊಂಡ ಸಾಕ್ಷ್ಯವನ್ನು ಮರಳಿ ಕೂಡಿಸುವುದು.

ವಂಶ ಹುಡುಕುವ ಕಪ್ಪು ಅಮೆರಿಕನ್ನರೆಲ್ಲ ಒಂದು ವರ್ಷವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ: 1870. ಅದನ್ನವರು ಇಟ್ಟಿಗೆ ಗೋಡೆ ಎನ್ನುತ್ತಾರೆ. ಗುಲಾಮಗಿರಿ ರದ್ದಾದ ಮೇಲೆ ನಡೆದ ಮೊದಲ ಜನಗಣತಿ ಅದು. ದಕ್ಷಿಣದ ಬಹುಪಾಲು ಕಪ್ಪು ಜನರ ಹೆಸರು, ಮನೆಮಂದಿಯ ಹೆಸರು ಸರಕಾರಿ ಪುಸ್ತಕದಲ್ಲಿ ಬಂದದ್ದು ಆಗಲೇ. ಅದರ ಹಿಂದಿನ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಹಾಳೆ. ಅಲ್ಲಿ ಹೆಸರಿರುವುದು ಮಾಲೀಕನದು. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. 34, ಹೆಣ್ಣು, ಕಪ್ಪು. 9, ಹೆಣ್ಣು, ಕಪ್ಪು. ನಿಮ್ಮ ಮುತ್ತಜ್ಜಿಯ ಮುತ್ತಜ್ಜಿ ಆ ಹಾಳೆಯಲ್ಲಿ ಇದ್ದಾಳೆ ಎಂದು ನಿಮಗೆ ಗೊತ್ತು. ಯಾವ ಸಾಲಿನಲ್ಲಿ ಎಂದು ತಿಳಿಯದು.

ಗೋಡೆ ಕಟ್ಟಿದ್ದು ಗಣತಿಯವರೊಬ್ಬರೇ ಅಲ್ಲ. ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಎಂದು ವರ್ಜೀನಿಯಾ 1662ರಲ್ಲಿ ಕಾನೂನು ಮಾಡಿತು. ತಂದೆ ಯಾರಾದರೂ ಆಗಿರಲಿ, ಮಾಲೀಕನೇ ಆಗಿರಲಿ, ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ್ದು ಗುಲಾಮ. ಅಲ್ಲಿಗೆ ತಂದೆಯ ಹೆಸರನ್ನು ಬರೆಯುವ ಅಗತ್ಯವೇ ಉಳಿಯಲಿಲ್ಲ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಓದು-ಬರಹ ಕಲಿಸಿದರೆ ಶಿಕ್ಷೆ ಎಂಬ ಕಾಯಿದೆಗಳು ದಕ್ಷಿಣದ ಹಲವು ರಾಜ್ಯಗಳಲ್ಲಿದ್ದವು. ಮೇಲಾಗಿ 1790ರಿಂದ 1860ರ ನಡುವೆ ದೇಶದೊಳಗೇ ಸುಮಾರು 10 ಲಕ್ಷ ಜನರನ್ನು ವರ್ಜೀನಿಯಾ, ಮೇರಿಲ್ಯಾಂಡ್‌ಗಳಂಥ ರಾಜ್ಯಗಳಿಂದ ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾಗಳ ಹತ್ತಿ ಮತ್ತು ಕಬ್ಬಿನ ತೋಟಗಳಿಗೆ ಸಾಗಿಸಿದರು. ಹೀಗೆ ಮಾರಾಟವಾದವರಲ್ಲಿ ಆಶ್ಲಿಯಂಥ ಮಕ್ಕಳೂ ಇದ್ದರು. ಅಪ್ಪನ ಹೆಸರಿಲ್ಲ, ಮದುವೆಯ ದಾಖಲೆಯಿಲ್ಲ, ಬರೆಯಲು ಬಿಡುವುದಿಲ್ಲ, ಒಂದೇ ಊರಲ್ಲಿ ಇರಗೊಡುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಏನಾದರೂ ಉಳಿದಿದ್ದರೆ ಅದು ಬಾಯಿಂದ ಕಿವಿಗೆ ದಾಟಿದ ಮಾತು.

ಬಿಡುಗಡೆ ಸಿಕ್ಕ ಕೂಡಲೇ ಈ ಜನ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಯಾವುದು ಎಂದು ನೋಡಿದರೆ ಕುಟುಂಬ ಅವರಿಗೆ ಏನಾಗಿತ್ತು ಎಂಬುದು ಕಾಣುತ್ತದೆ. ಅವರು ಹುಡುಕಲು ಹೊರಟರು. ಕಾಲ್ನಡಿಗೆಯಲ್ಲಿ ಹೋದರು, ಪತ್ರ ಬರೆಸಿದರು, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ನ್ಯೂ ಆರ್ಲಿಯನ್ಸ್‌ನಿಂದ ಬರುತ್ತಿದ್ದ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆಯಲ್ಲಿ 1877ರಿಂದ ‘ಕಳೆದುಹೋದ ಬಂಧುಗಳು’ ಎಂಬರ್ಥದ ಅಂಕಣವೇ ಇತ್ತು. ಚಂದಾದಾರರಲ್ಲದವರು 50 ಸೆಂಟ್ ಕಟ್ಟಬೇಕು. ಪಾದ್ರಿಗಳು ಅದನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಬೇಕೆಂದು ಪತ್ರಿಕೆಯೇ ಕೇಳಿಕೊಳ್ಳುತ್ತಿತ್ತು. ಓದು ಬಾರದವರ ಕಿವಿಗೂ ಬೀಳಲಿ ಎಂದು. ಅಮ್ಮನ ಹೆಸರು ಇಂಥದ್ದು, ಅವಳ ಒಡೆಯ ಇಂಥವನು, ನನ್ನನ್ನು ಇಂಥ ಊರಿನಲ್ಲಿ ಇಂಥವನಿಗೆ ಮಾರಿದರು, ಆಗ ನಾನು ಸಣ್ಣವಳು, ತಮ್ಮ ಇನ್ನೂ ಮೊಲೆಹಾಲು ಕುಡಿಯುತ್ತಿದ್ದ. ಇದೇ ಧಾಟಿಯ ಜಾಹೀರಾತುಗಳು ಬಿಡುಗಡೆಯಾಗಿ ಮೂವತ್ತು ವರ್ಷ ಕಳೆದ ಮೇಲೂ ಬರುತ್ತಲೇ ಇದ್ದವು. ಫಿಲಡೆಲ್ಫಿಯಾದ ಬಳಿಯ ವಿಲನೋವಾ ವಿಶ್ವವಿದ್ಯಾಲಯ 2017ರಿಂದ ಇಂಥ ಸಾವಿರಾರು ಜಾಹೀರಾತುಗಳನ್ನು ಒಟ್ಟುಮಾಡಿ ಯಾರು ಬೇಕಾದರೂ ಹುಡುಕುವಂತೆ ಇಟ್ಟಿದೆ. ಓದುತ್ತ ಹೋದರೆ ಒಂದು ವಿಷಯ ತಟ್ಟುತ್ತದೆ. ಬರೆಯಲು ಬಾರದ ಆ ಜನ ಇಪ್ಪತ್ತು-ಮೂವತ್ತು ವರ್ಷಗಳ ಕಾಲ ಊರು, ಒಡೆಯ, ಅಣ್ಣತಮ್ಮಂದಿರ ಹೆಸರುಗಳನ್ನು ಸಾಲಾಗಿ ನೆನಪಿಟ್ಟುಕೊಂಡಿದ್ದರು, ಎಂದಾದರೂ ಒಂದು ದಿನ ಬೇಕಾದೀತು ಎಂದು.

ಇದರ ಪಕ್ಕದಲ್ಲೇ ಸರಕಾರದ ಕಾಗದವೂ ಬೆಳೆಯಿತು. ಬಿಡುಗಡೆಯಾದ ಗುಲಾಮರ ನೆರವಿಗೆಂದು 1865ರಲ್ಲಿ ಹುಟ್ಟಿ 1872ರಲ್ಲಿ ಮುಚ್ಚಿದ ಫ್ರೀಡ್‌ಮೆನ್ಸ್ ಬ್ಯೂರೊ ಕಚೇರಿಗಳು ಮದುವೆ ನೋಂದಾಯಿಸಿದವು, ಪಡಿತರ ಕೊಟ್ಟವು, ಕೂಲಿ ಕರಾರು ಬರೆಸಿದವು. ಈ ಕಡತಗಳಿಂದ 2015-16ರಲ್ಲಿ ಸ್ವಯಂಸೇವಕರು ಸುಮಾರು 18 ಲಕ್ಷ ಹೆಸರುಗಳನ್ನು ಬಿಡಿಸಿ ಪಟ್ಟಿ ಮಾಡಿದರು. ಫ್ರೀಡ್‌ಮನ್ಸ್ ಬ್ಯಾಂಕ್ ಎಂಬ ಉಳಿತಾಯ ಬ್ಯಾಂಕೂ 1865ರದ್ದೇ. ಅದು 1874ರಲ್ಲಿ ಮುಳುಗಿ ಬಡವರ ದುಡ್ಡು ನುಂಗಿತು. ಆದರೆ ಖಾತೆ ತೆರೆಯುವಾಗ ಗುರುತಿಗೆಂದು ತಂದೆ-ತಾಯಿ, ಒಡಹುಟ್ಟಿದವರು, ಹಳೆಯ ಒಡೆಯ ಎಲ್ಲರ ಹೆಸರು ಕೇಳಿ ಬರೆಯುತ್ತಿದ್ದರು. ದುಡ್ಡು ಮುಳುಗಿತು, ಅರ್ಜಿ ಉಳಿಯಿತು. ಇಂದು 1870ರ ಗೋಡೆ ಹಾರಲು ಅನೇಕರಿಗೆ ಸಿಗುವ ಏಣಿ ಆ ಅರ್ಜಿಗಳೇ.

ಆದರೆ ಏಣಿ ಎಲ್ಲರಿಗೂ ಸಿಗುವುದಿಲ್ಲ. ಯಾರಿಗೆ ಸಿಗುತ್ತದೆ ಎಂಬುದು ಬಹಳ ಸಲ ಮಾಲೀಕ ಯಾರಾಗಿದ್ದ ಎಂಬುದರ ಮೇಲೆ ನಿಂತಿದೆ. 1838ರಲ್ಲಿ ಮೇರಿಲ್ಯಾಂಡ್‌ನ ಜೆಸ್ವಿಟ್ ಪಾದ್ರಿಗಳು ಸಾಲ ತೀರಿಸಿ ಜಾರ್ಜ್‌ಟೌನ್ ಕಾಲೇಜನ್ನು ಉಳಿಸಿಕೊಳ್ಳಲು 272 ಜನರನ್ನು ಲೂಸಿಯಾನಾಕ್ಕೆ ಮಾರಿದರು. ಪಾದ್ರಿಗಳಾದ್ದರಿಂದ ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ಹೆಸರು ಸಮೇತ ಬರೆದಿಟ್ಟಿದ್ದರು. ಮಾರಾಟದ ಪಟ್ಟಿಯಲ್ಲೂ ಹೆಸರುಗಳಿದ್ದವು. ಹಾಗಾಗಿಯೇ 2016ರ ಹೊತ್ತಿಗೆ ವಂಶಶೋಧಕರಿಗೆ ಆ ಜನರ ಸಾವಿರಾರು ವಂಶಸ್ಥರನ್ನು ಪತ್ತೆಹಚ್ಚಲು ಆಯಿತು. ಲೂಸಿಯಾನಾದ ಮ್ಯಾರಿಂಗ್ವಿನ್ ಎಂಬ ಸಣ್ಣ ಊರಿನಲ್ಲಿ ಅವರಲ್ಲಿ ಅನೇಕರು ಅಲ್ಲಿಯವರೆಗೂ ಅಕ್ಕಪಕ್ಕದಲ್ಲೇ ಬದುಕಿದ್ದರು. 2017ರಲ್ಲಿ, ಈಗ ವಿಶ್ವವಿದ್ಯಾಲಯವಾಗಿರುವ ಆ ಕಾಲೇಜು ಮತ್ತು ಜೆಸ್ವಿಟರು ಕ್ಷಮೆ ಕೇಳಿದರು. ಪತ್ತೆಯಾದ ಹೆಸರುಗಳೇ ಇಲ್ಲದಿದ್ದರೆ ಯಾರ ಎದುರು ನಿಂತು ಕ್ಷಮೆ ಕೇಳುವುದು? ನ್ಯಾಯದ ಮಾತು ಶುರುವಾಗುವುದೇ ಹೆಸರಿನಿಂದ. ಹೆಸರು ಬರೆಯದ ಒಡೆಯರ ತೋಟಗಳಲ್ಲಿ ದುಡಿದವರ ಮಕ್ಕಳಿಗೆ ಆ ಶುರುವಾತೂ ಇಲ್ಲ.

ಹಾಗಾದರೆ ಮುದುಕರನ್ನು ಕೇಳಿ ಬರೆದುಕೊಂಡರೆ ಆಯಿತಲ್ಲ ಎನ್ನಬಹುದು. ಅದೂ ನಡೆದಿದೆ. 1936ರಿಂದ 1938ರವರೆಗೆ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡಲು ಸರಕಾರ ಮಾಡಿದ ಯೋಜನೆಯಡಿ ಗುಲಾಮಗಿರಿಯನ್ನು ಕಂಡು ಇನ್ನೂ ಬದುಕಿದ್ದವರ 2,300ಕ್ಕೂ ಹೆಚ್ಚು ಕಥನಗಳನ್ನು ಬರೆದುಕೊಂಡರು. ಇವತ್ತಿಗೂ ಅದು ದೊಡ್ಡ ನಿಧಿ. ಆದರೆ ಪ್ರಶ್ನೆ ಕೇಳಲು ಹೋದವರಲ್ಲಿ ಹೆಚ್ಚಿನವರು ಬಿಳಿಯರು. ಹೇಳುವವರು ಎಂಬತ್ತು ದಾಟಿದ ಬಡವರು. ಬಂದಿರುವ ಸರಕಾರಿ ಮನುಷ್ಯ ಪಿಂಚಣಿ ಕೊಡಿಸಿಯಾನು ಎಂಬ ಆಸೆ ಕೆಲವರಿಗೆ, ತಪ್ಪು ಮಾತಾಡಿದರೆ ಏನಾಗುತ್ತದೋ ಎಂಬ ಭಯ ಎಲ್ಲರಿಗೂ. ಚಾರ್ಲ್ಸ್‌ಟನ್ನಿನ ಸೂಸನ್ ಹ್ಯಾಮಿಲ್ಟನ್ ಎಂಬ ಅಜ್ಜಿಯ ಉದಾಹರಣೆ ಇತಿಹಾಸದ ವಿದ್ಯಾರ್ಥಿಗಳಿಗೆ ಪಾಠವೇ ಆಗಿಬಿಟ್ಟಿದೆ. ಬಿಳಿಯ ಹೆಂಗಸೊಬ್ಬರು ಬಂದು ಕೇಳಿದಾಗ ಅಜ್ಜಿ ತನ್ನ ಒಡೆಯ ಒಳ್ಳೆಯವನು ಎಂಬ ಧಾಟಿಯಲ್ಲಿ ಮಾತಾಡಿದಳು. ಅದೇ ಅಜ್ಜಿ ಕಪ್ಪು ಸಂದರ್ಶಕನೊಬ್ಬನ ಎದುರು ಹೊಡೆತ, ಮಾರಾಟ, ಮಕ್ಕಳಿಗಾಗಿ ತಾಯಂದಿರ ಗೋಳಾಟ ಎಲ್ಲವನ್ನೂ ಹೇಳಿದಳು. ಒಬ್ಬಳೇ ಅಜ್ಜಿ, ಒಂದೇ ಬದುಕು. ಕೇಳಿದವರು ಬದಲಾದಾಗ ಕಥೆಯೇ ಬದಲಾಯಿತು.

ಇದು ಇವತ್ತಿನ ಕೆಲಸಕ್ಕೂ ಬಹಳ ಮುಖ್ಯ. ದೊಡ್ಡ ಸಂಸ್ಥೆಗಳು ಮೈಕು, ಕ್ಯಾಮೆರಾ ಹೊತ್ತು ಬಂದು ಕಥೆ ದಾಖಲಿಸಲಿ, ಬೇಡವೆನ್ನುವುದಿಲ್ಲ. ಆದರೆ ಅಜ್ಜಿ ಮೊಮ್ಮಗಳಿಗೆ ಹೇಳುವ ಮಾತೇ ಬೇರೆ. ಸೂಸನ್ ಹ್ಯಾಮಿಲ್ಟನ್ ಇಬ್ಬರಿಗೆ ಹೇಳಿದ್ದು ಕಾಗದಕ್ಕೆ ಬಂತು. ಮನೆಯವರು ಕೇಳಿದ್ದರೆ ಆಕೆ ಹೇಳಬಹುದಾಗಿದ್ದ ಮೂರನೆಯದು ನಮಗೆ ಸಿಕ್ಕಿಲ್ಲ. ಜನಸಾಮಾನ್ಯರ ಮಾತನ್ನು ಧ್ವನಿಮುದ್ರಿಸಿಡುವ ಸ್ಟೋರಿಕೋರ್ ಸಂಸ್ಥೆ 2007ರಲ್ಲಿ ಶುರುಮಾಡಿದ ‘ಗ್ರಿಯೊ’ ಯೋಜನೆ ಈ ತಿಳಿವಿನ ಮೇಲೇ ನಿಂತದ್ದು. ಅಲ್ಲಿ ಸಂದರ್ಶಕರು ಹೊರಗಿನವರಲ್ಲ. ಮಗ ಅಪ್ಪನನ್ನು, ಸೊಸೆ ಅತ್ತೆಯನ್ನು ಕೂರಿಸಿಕೊಂಡು ಕೇಳುತ್ತಾರೆ, ಧ್ವನಿ ಪತ್ರಾಗಾರಕ್ಕೆ ಹೋಗುತ್ತದೆ. ಗ್ರಿಯೊ ಅಂದರೆ ಪಶ್ಚಿಮ ಆಫ್ರಿಕಾದಲ್ಲಿ ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುವವರು. ಎತ್ತಿನ ಮೇಲೆ ಕೂತು ಬಂದು ನಮ್ಮ ಏಳು ತಲೆಮಾರನ್ನು ಒಪ್ಪಿಸುತ್ತಿದ್ದ ಹೆಳವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮನೆಯೊಳಗಿನ ಮೌನ ಇನ್ನೊಂದು ಅಡ್ಡಿ. ಅದರ ಬಗ್ಗೆ ಯಾರೂ ದೂರಬಾರದು ಎಂದು ನನಗನ್ನಿಸುತ್ತದೆ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಿಗೆ ಹೋದರು. ಕೆಲವರು ಕೆಲಸಕ್ಕೆ, ಇನ್ನು ಕೆಲವರು ಜೀವ ಉಳಿಸಿಕೊಳ್ಳಲು ರಾತ್ರೋರಾತ್ರಿ. ಯಾಕೆ ಊರು ಬಿಟ್ಟಿರಿ ಎಂದು ಮಕ್ಕಳು ಕೇಳಿದರೆ ‘ಅದೆಲ್ಲ ಯಾಕೆ ಈಗ’ ಎಂದು ಮಾತು ತಿರುಗಿಸಿದ ಅಜ್ಜಂದಿರು ಎಷ್ಟೋ. ತಮ್ಮ ಕಣ್ಣೆದುರು ನಡೆದದ್ದು ಮಕ್ಕಳ ನಿದ್ದೆ ಕೆಡಿಸಬಾರದು ಎಂಬ ಕಾಳಜಿ ಅದು. ಹೇಳದಿರುವುದೂ ಪ್ರೀತಿಯೇ. ಆದರೆ ಆ ಪ್ರೀತಿಯ ಬೆಲೆಯನ್ನು ಮೊಮ್ಮಕ್ಕಳು ತೆರುತ್ತಾರೆ, ಊರಿನ ಹೆಸರೂ ಗೊತ್ತಿಲ್ಲದೆ.

ಇನ್ನೊಂದು ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಜಾರ್ಜಿಯಾದ ಕರಾವಳಿಯಲ್ಲಿ ಹ್ಯಾರಿಸ್ ನೆಕ್ ಎಂಬ ಊರು. ಗುಲಾಮರಾಗಿ ಬಂದವರ ಮಕ್ಕಳು ಗಲ್ಲಾ ಗೀಚಿ ಎಂಬ ತಮ್ಮದೇ ನುಡಿ, ನಡೆ ಉಳಿಸಿಕೊಂಡ ಸೀಮೆ ಅದು. 1930ರ ದಶಕದ ಆರಂಭದಲ್ಲಿ ಕಪ್ಪು ಭಾಷಾವಿಜ್ಞಾನಿ ಲೊರೆಂಜೊ ಟರ್ನರ್ ಅಲ್ಲಿಗೆ ಹೋಗಿ ಅಮೀಲಿಯಾ ಡಾಲಿ ಎಂಬಾಕೆ ಹಾಡಿದ ಐದಾರು ಸಾಲಿನ ಹಾಡನ್ನು ಧ್ವನಿಮುದ್ರಿಸಿಕೊಂಡರು. ಪದಗಳ ಅರ್ಥ ಹಾಡಿದಾಕೆಗೆ ಗೊತ್ತಿಲ್ಲ. ತಾಯಿಯಿಂದ ಕಲಿತದ್ದು, ಅಷ್ಟೇ. ಅದು ಸಿಯೆರಾ ಲಿಯೋನಿನ ಮೆಂಡೆ ಭಾಷೆ ಎಂದು ಆಮೇಲೆ ಗೊತ್ತಾಯಿತು. ದಶಕಗಳ ನಂತರ ಮಾನವಶಾಸ್ತ್ರಜ್ಞ ಜೋಸೆಫ್ ಒಪಾಲಾ, ಸಂಗೀತ ವಿದ್ವಾಂಸೆ ಸಿಂಥಿಯಾ ಶ್ಮಿಟ್ ಮತ್ತು ಭಾಷಾಶಾಸ್ತ್ರಜ್ಞ ತಜೀಫ್ ಕೊರೋಮಾ ಆ ಧ್ವನಿಮುದ್ರಿಕೆ ಹಿಡಿದು ಸಿಯೆರಾ ಲಿಯೋನಿನಲ್ಲಿ ಊರೂರು ಅಲೆದರು. ಸೆನೆಹುನ್ ನ್ಗೋಲಾ ಎಂಬ ಹಳ್ಳಿಯಲ್ಲಿ ಬೆಂದು ಜಬಾಟಿ ಎಂಬ ಹೆಂಗಸು ಅದನ್ನು ಕೇಳಿ ತಾನೂ ಹಾಡಿದರು. ಹೆಣ ಮಣ್ಣು ಮಾಡುವಾಗ ಹೆಂಗಸರು ಹಾಡುತ್ತಿದ್ದ ಹಾಡು ಅದು. ಕಾಲ ಬದಲಾಗಿ ಆ ವಿಧಿ ನಿಂತರೂ ಹಾಡನ್ನು ಮಾತ್ರ ಮರೆಯಬೇಡ, ಕಳೆದುಹೋದ ನಮ್ಮವರನ್ನು ಗುರುತಿಸಲು ಇದೇ ಗುರುತು ಎಂದು ಅಜ್ಜಿ ಹೇಳಿ ಕಲಿಸಿದ್ದಳಂತೆ. ಇತ್ತ ಅಮೀಲಿಯಾರ ಮಗಳು ಮೇರಿ ಮೊರಾನ್‌ಗೂ ಹಾಡು ನೆನಪಿತ್ತು, ಮಕ್ಕಳ ಆಟದ ಹಾಡಾಗಿ. 1997ರಲ್ಲಿ ಮೇರಿ ಆ ಹಳ್ಳಿಗೆ ಹೋದರು. ಸಮುದ್ರದ ಎರಡು ದಡದ ಇಬ್ಬರು ಹೆಂಗಸರು ಒಂದೇ ಹಾಡು ಹಾಡಿದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅದರ ಇನ್ನೊಂದು ಅರ್ಧವನ್ನೂ ಹೇಳದಿದ್ದರೆ ಅನ್ಯಾಯ. ಹ್ಯಾರಿಸ್ ನೆಕ್ ಇಂದು ಊರಾಗಿ ಉಳಿದಿಲ್ಲ. ಯುದ್ಧಕ್ಕೆ ವಿಮಾನ ಇಳಿಸುವ ಜಾಗ ಬೇಕೆಂದು ಸರಕಾರ 1942ರಲ್ಲಿ ಅಲ್ಲಿನ ಸುಮಾರು 75 ಕಪ್ಪು ಕುಟುಂಬಗಳನ್ನು ಒಕ್ಕಲೆಬ್ಬಿಸಿತು. ಯುದ್ಧ ಮುಗಿದ ಮೇಲೆ ಜಮೀನು ಅವರಿಗೆ ಮರಳಲಿಲ್ಲ. 1962ರಿಂದ ಅದು ವನ್ಯಜೀವಿ ಧಾಮ. ಹಾಡು ಉಳಿಯಿತು, ನೆಲ ಹೋಯಿತು.

ಕುಟುಂಬದ ಕಥೆಗೂ ನೆಲಕ್ಕೂ ಇರುವ ಈ ನಂಟನ್ನು ನಮ್ಮ ಹಳ್ಳಿಗಳಲ್ಲಿ ಜಮೀನಿನ ಕಾಗದ ಮಾಡಿಸಲು ಓಡಾಡಿದ ಯಾರಿಗಾದರೂ ಚಿಟಿಕೆಯಲ್ಲಿ ವಿವರಿಸಬಹುದು. ಅಜ್ಜನ ಹೆಸರಿನಲ್ಲಿರುವ ಹೊಲ, ಪೌತಿ ಖಾತೆ ಮಾಡಿಸಿಲ್ಲ, ಮೂರು ತಲೆಮಾರು ಕಳೆದು ವಾರಸುದಾರರು ಐವತ್ತು ಜನ. ವಂಶವೃಕ್ಷ ಬರೆದು ಕೊಡಿ ಎನ್ನುತ್ತಾರೆ ಕಚೇರಿಯಲ್ಲಿ. ಅಮೆರಿಕದ ದಕ್ಷಿಣದಲ್ಲಿ ಇಂಥ ಜಮೀನಿಗೆ ‘ಏರ್ಸ್ ಪ್ರಾಪರ್ಟಿ’ ಎನ್ನುತ್ತಾರೆ. ಗುಲಾಮಗಿರಿಯಿಂದ ಹೊರಬಂದ ಎರಡು ತಲೆಮಾರಿನೊಳಗೆ ಕಪ್ಪು ಜನ ಒಂದೂವರೆ ಕೋಟಿ ಎಕರೆಯಷ್ಟು ನೆಲ ಕೊಂಡಿದ್ದರು, ಒಂದೊಂದೇ ಡಾಲರ್ ಕೂಡಿಸಿ. ನ್ಯಾಯಾಲಯವೂ ವಕೀಲರೂ ಬಿಳಿಯರವೇ ಆಗಿದ್ದ ಕಾಲದಲ್ಲಿ ಉಯಿಲು ಬರೆಸಲು ಹೋಗಲು ಅವರಿಗೆ ನಂಬಿಕೆಯಿರಲಿಲ್ಲ. ಉಯಿಲಿಲ್ಲದ ನೆಲ ಮಕ್ಕಳು-ಮೊಮ್ಮಕ್ಕಳಿಗೆಲ್ಲ ಒಟ್ಟಾಗಿ ಸೇರುತ್ತದೆ. ಆಮೇಲೆ ದೂರದ ಪಟ್ಟಣದಲ್ಲಿರುವ, ಆ ನೆಲ ಕಂಡೇ ಇಲ್ಲದ ಒಬ್ಬ ವಾರಸುದಾರನ ಪಾಲನ್ನು ಯಾವುದೋ ಜಾಗ ಅಭಿವೃದ್ಧಿಪಡಿಸುವ ಕಂಪನಿ ಕೊಳ್ಳುತ್ತದೆ, ಪಾಲುದಾರನಾಗಿ ನ್ಯಾಯಾಲಯಕ್ಕೆ ಹೋಗುತ್ತದೆ, ಇಡೀ ಜಮೀನನ್ನು ಹರಾಜಿಗೆ ತರುತ್ತದೆ. ಹೀಗೂ ಬೇರೆ ಬೇರೆ ವಂಚನೆಗಳಿಂದಲೂ ಆ ನೆಲದ ಬಹುಭಾಗ ಕೈತಪ್ಪಿತು. 1920ರಲ್ಲಿ 9 ಲಕ್ಷಕ್ಕೂ ಹೆಚ್ಚಿದ್ದ ಕಪ್ಪು ರೈತರು ಇಂದು 50 ಸಾವಿರವೂ ಇಲ್ಲ.

2010ರಲ್ಲಿ ರೂಪಿಸಿದ ಒಂದು ಮಾದರಿ ಕಾನೂನು, ಈಗ ಹಲವು ರಾಜ್ಯಗಳಲ್ಲಿ ಜಾರಿಯಲ್ಲಿದೆ, ಇಂಥ ಬಲವಂತದ ಹರಾಜಿಗೆ ತಡೆ ಒಡ್ಡುತ್ತದೆ. ಉಳಿದ ವಾರಸುದಾರರಿಗೆ ಮೊದಲು ಕೊಳ್ಳುವ ಅವಕಾಶ ಕೊಡುತ್ತದೆ. ಆದರೆ ಅದನ್ನು ಬಳಸಲೂ ವಾರಸುದಾರರು ಯಾರ್‍ಯಾರು ಎಂದು ತೋರಿಸಬೇಕು. ಅಜ್ಜಿಗೆ ಎಷ್ಟು ಜನ ಮಕ್ಕಳು, ಯಾವ ಚಿಕ್ಕಪ್ಪ ಯಾವ ಊರಿಗೆ ಹೋದ, ಯಾರಿಗೆ ಮದುವೆಯಾಗದೆ ಮಕ್ಕಳಾದರು, ಯಾರನ್ನು ಸಾಕಿಕೊಂಡರು. ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದ ಹುಟ್ಟು-ಸಾವುಗಳು, ಗೋರಿಕಲ್ಲಿನ ತಾರೀಖು, ಚರ್ಚಿನ ರಿಜಿಸ್ಟರ್, ಶವಸಂಸ್ಕಾರದ ದಿನ ಹಂಚುವ ಪುಸ್ತಿಕೆ ಎಲ್ಲವೂ ಆಗ ಆಸ್ತಿಯ ದಾಖಲೆಗಳೇ. ಕಪ್ಪು ಚರ್ಚುಗಳಲ್ಲಿ ಹಂಚುವ ಆ ಪುಸ್ತಿಕೆಯಲ್ಲಿ ತೀರಿಕೊಂಡವರ ಫೋಟೊ, ಹುಟ್ಟೂರು, ಅಪ್ಪ-ಅಮ್ಮ, ‘ಅಗಲಿದ್ದಾರೆ’ ಎಂಬ ಸಾಲಿನ ಕೆಳಗೆ ಇರುವ ಅಷ್ಟೂ ನೆಂಟರ ಹೆಸರು ಇರುತ್ತವೆ. ಎಷ್ಟೋ ಅಜ್ಜಿಯರು ಇವನ್ನು ಬಿಸ್ಕತ್ ಡಬ್ಬಿಯಲ್ಲಿ ಕೂಡಿಡುತ್ತಾರೆ. ಅಜ್ಜಿ ಹೋದ ವಾರ ಮನೆ ಖಾಲಿ ಮಾಡುವವರು ಮೊದಲು ಎಸೆಯುವುದೂ ಅದನ್ನೇ. ಅಟ್ಲಾಂಟಾದ ಆಬರ್ನ್ ಅವೆನ್ಯೂ ಗ್ರಂಥಾಲಯವೂ ಜಾರ್ಜಿಯಾದ ಡಿಜಿಟಲ್ ಗ್ರಂಥಾಲಯವೂ ಸೇರಿ ಇಂಥ ಪುಸ್ತಿಕೆಗಳ ಸಾವಿರಾರು ಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟಿವೆ. ನನ್ನ ಮಟ್ಟಿಗೆ ಈ ಹತ್ತು-ಹದಿನೈದು ವರ್ಷಗಳಲ್ಲಿ ನಡೆದ ಅತ್ಯಂತ ಬುದ್ಧಿವಂತ ಕೆಲಸಗಳಲ್ಲಿ ಇದೊಂದು.

ಸ್ಕ್ಯಾನ್ ಮಾಡುವುದು ಮಾತ್ರ ಸಾಕಾಗುವುದಿಲ್ಲ ಎಂಬುದಕ್ಕೆ ಪಿಟ್ಸ್‌ಬರ್ಗ್‌ಗೆ ಹೋಗಬೇಕು. ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪು ಪತ್ರಿಕೆಯ ಛಾಯಾಗ್ರಾಹಕ ಚಾರ್ಲ್ಸ್ ‘ಟೀನಿ’ ಹ್ಯಾರಿಸ್ ದಶಕಗಳ ಕಾಲ ತನ್ನ ಊರಿನ ಜನರ ಮದುವೆ, ಬೇಸ್‌ಬಾಲ್, ಬಾರ್ಬರ್ ಅಂಗಡಿ, ಚಳವಳಿ, ಎಲ್ಲವನ್ನೂ ತೆಗೆದರು. ಸುಮಾರು 80,000 ಚಿತ್ರಗಳ ಆ ರಾಶಿಯನ್ನು 2001ರಲ್ಲಿ ಕಾರ್ನೆಗಿ ವಸ್ತುಸಂಗ್ರಹಾಲಯ ಪಡೆಯಿತು. ಆದರೆ ನೆಗೆಟಿವ್‌ಗಳಲ್ಲಿ ಹೆಚ್ಚಿನವಕ್ಕೆ ಹೆಸರಿಲ್ಲ, ತಾರೀಖಿಲ್ಲ. ಆಗ ಅವರು ಮಾಡಿದ್ದು ಊರಿನ ಹಿರಿಯರನ್ನು ಕರೆಸಿ ಚಿತ್ರ ತೋರಿಸುವುದು. ಇವಳು ನಮ್ಮ ಟೀಚರ್, ಈ ಹುಡುಗ ನಾನೇ, ಈ ಅಂಗಡಿ ಆ ಮೂಲೆಯಲ್ಲಿತ್ತು ಎಂದು ಗುರುತಿಸುವ ಕಣ್ಣುಗಳು ಬೇಕಿದ್ದವು. ಯಂತ್ರ ಚಿತ್ರವನ್ನು ಚೆಂದ ಮಾಡಿ ಇಡುತ್ತದೆ. ಚಿತ್ರದಲ್ಲಿ ಇರುವುದು ಯಾರು ಎಂದು ಹೇಳಲು ಅವರನ್ನು ಬಲ್ಲವರೇ ಬೇಕು. ಇಂದು ನಮ್ಮೆಲ್ಲರ ಫೋನಿನಲ್ಲಿ ಬಿದ್ದಿರುವ ಸಾವಿರಾರು ಫೋಟೊಗಳೂ ಹೆಸರಿಲ್ಲದ ನೆಗೆಟಿವ್‌ಗಳೇ.

ಈಗಿನ ಆತಂಕಗಳಿಗೆ ಬರೋಣ. ವಾಷಿಂಗ್‌ಟನ್ನಿನಲ್ಲಿ 2016ರ ಸೆಪ್ಟೆಂಬರ್ 24ರಂದು ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಈ ಕೆಲಸದ ದೊಡ್ಡ ಕಂಬ. ಕಟ್ಟಡ ಏಳುವ ಮೊದಲೇ, 2008ರಿಂದ, ಅದರ ಸಿಬ್ಬಂದಿ ಊರೂರಿಗೆ ಹೋಗಿ ಜನ ಅಟ್ಟದಿಂದ ಇಳಿಸಿ ತಂದ ಹಳೇ ವಸ್ತುಗಳನ್ನು ನೋಡಿ, ಹೇಗೆ ಕಾಪಾಡಬೇಕು ಎಂದು ಹೇಳಿಕೊಟ್ಟಿದ್ದರು. ಮನೆಯ ಹಳೇ ಫಿಲ್ಮು, ಟೇಪುಗಳನ್ನು ಪುಕ್ಕಟೆ ಡಿಜಿಟಲ್ ಮಾಡಿಕೊಟ್ಟು ಮೂಲವನ್ನು ಮನೆಯವರಿಗೇ ಮರಳಿಸುವ ವ್ಯವಸ್ಥೆಯನ್ನೂ ಮಾಡಿದರು. ಇದೇ ಸಂಸ್ಥೆಯನ್ನು ಹೆಸರಿಸಿ ದೂರುವ ಅಧ್ಯಕ್ಷೀಯ ಆದೇಶ 2025ರ ಮಾರ್ಚ್ 27ರಂದು ಹೊರಬಿತ್ತು. ಜನರನ್ನು ಒಡೆಯುವ, ಜನಾಂಗವನ್ನೇ ಮುಂದಿಡುವ ಸಿದ್ಧಾಂತ ಈ ಸಂಗ್ರಹಾಲಯವೂ ಸೇರಿದ ಸ್ಮಿತ್‌ಸೋನಿಯನ್ ಸಂಸ್ಥೆಗಳಲ್ಲಿ ಸೇರಿಕೊಂಡಿದೆ ಎಂಬುದು ಅದರ ಆರೋಪ. ಅದೇ ವಸಂತದಲ್ಲಿ ಗ್ರಂಥಾಲಯ, ವಸ್ತುಸಂಗ್ರಹಾಲಯ, ಮಾನವಿಕ ಅಧ್ಯಯನಗಳಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳು ನಡುನೀರಿನಲ್ಲಿ ರದ್ದಾದವು. ಅಧ್ಯಕ್ಷರು ಯಾರು ಎಂಬುದರ ಮೇಲೆ ಮುತ್ತಜ್ಜಿಯ ಕಥೆ ಉಳಿಯುವುದು-ಅಳಿಯುವುದು ನಿಲ್ಲಬಾರದು. ಸರಕಾರದ ಸಂಸ್ಥೆ ಬೇಕು, ಆದರೆ ಒಂದೇ ಪ್ರತಿ ಅಲ್ಲಿರಬಾರದು ಎಂಬ ಮಾತು ಚರ್ಚುಗಳಲ್ಲಿ, ಕುಟುಂಬ ಸಮ್ಮೇಳನಗಳಲ್ಲಿ ಕೇಳಿಬರುತ್ತಿರುವುದು ಇದಕ್ಕೇ.

ಖಾಸಗಿ ಕಂಪನಿಗಳಿಗೆ ಒಪ್ಪಿಸುವುದೂ ಸುಲಭದ ದಾರಿಯಲ್ಲ. ಕಾಗದವಿಲ್ಲದ ಕಡೆ ರಕ್ತವೇ ಸಾಕ್ಷಿ ಎಂದು ಲಕ್ಷಾಂತರ ಕಪ್ಪು ಅಮೆರಿಕನ್ನರು ಡಿಎನ್‌ಎ ಪರೀಕ್ಷೆ ಮಾಡಿಸಿದರು. ಅದರಿಂದ ಆದ ಒಳಿತು ಸಣ್ಣದಲ್ಲ. ಮೇರಿಲ್ಯಾಂಡ್‌ನ ಕಟಾಕ್ಟಿನ್ ಫರ್ನೆಸ್ ಎಂಬ ಹಳೇ ಕಬ್ಬಿಣದ ಕಾರ್ಖಾನೆಯ ಹತ್ತಿರ ಹೂತಿದ್ದ 27 ಕಪ್ಪು ಜನರ ಎಲುಬಿನ ಡಿಎನ್‌ಎಯನ್ನು ಇಂಥ ಪರೀಕ್ಷೆ ಮಾಡುವ ‘23ಆಂಡ್‌ಮಿ’ ಕಂಪನಿಯ ದತ್ತಾಂಶದ ಜೊತೆ ಹೋಲಿಸಿದಾಗ 41,799 ಮಂದಿ ಹತ್ತಿರದ ಅಥವಾ ದೂರದ ನೆಂಟರು ಸಿಕ್ಕರು. ಈ ಅಧ್ಯಯನ ಪ್ರಕಟವಾದದ್ದು 2023ರಲ್ಲಿ. ಎರಡೇ ವರ್ಷದಲ್ಲಿ, 2025ರ ಮಾರ್ಚ್‌ನಲ್ಲಿ, ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಲ್ಲಿ ಪರೀಕ್ಷೆ ಮಾಡಿಸಿದವರೆಲ್ಲರ ವಂಶವಾಹಿ ಮಾಹಿತಿ ಕಂಪನಿಯ ಆಸ್ತಿಯಾಗಿ ಮಾರಾಟದ ಮೇಜಿಗೆ ಬಂತು. ಹಿಂದೊಮ್ಮೆ ಆಸ್ತಿಪಟ್ಟಿಯಲ್ಲಿ ಬೆಲೆ ಕಟ್ಟಿಸಿಕೊಂಡವರ ಮರಿಮಕ್ಕಳಿಗೆ ಆ ಸುದ್ದಿ ಹೇಗೆ ಕೇಳಿಸಿರಬೇಡ. ಕೊನೆಗೆ ಕಂಪನಿಯ ಸಹ-ಸ್ಥಾಪಕಿಯೇ ಕಟ್ಟಿದ ಲಾಭರಹಿತ ಸಂಸ್ಥೆಯೊಂದು ಅದನ್ನು 30.5 ಕೋಟಿ ಡಾಲರಿಗೆ ಕೊಂಡಿತು.

ಸ್ಮಶಾನಗಳ ಗತಿಯೂ ಹೀಗೆಯೇ. ಫ್ಲೋರಿಡಾದ ಟ್ಯಾಂಪಾದಲ್ಲಿ ಜಯನ್ ಎಂಬ ಕಪ್ಪು ಸ್ಮಶಾನದ ನೂರಾರು ಗೋರಿಗಳು ವಸತಿ ಸಮುಚ್ಚಯ ಮತ್ತು ಅದರ ಪಕ್ಕದ ಜಾಗಗಳ ಅಡಿಯಲ್ಲೇ ಇವೆ ಎಂಬುದು ಹೊರಬಂದದ್ದು 2019ರಲ್ಲಿ. ಇಂಥ ಸ್ಮಶಾನಗಳನ್ನು ಗುರುತಿಸಿ ಕಾಪಾಡಲು ವರ್ಷಕ್ಕೆ 30 ಲಕ್ಷ ಡಾಲರಿನವರೆಗೆ ಕೊಡಬಹುದೆಂಬ ಕಾನೂನು 2022ರ ಡಿಸೆಂಬರಿನಲ್ಲಿ ಬಂತು. ಇಡೀ ದೇಶಕ್ಕೆ ಈ ಮೊತ್ತ ಏನೇನೂ ಅಲ್ಲ. ಸತ್ತವರ ಹೆಸರನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಲು ದುಡ್ಡಿಗಿಂತ ಕಾಲ ಬೇಕು. ಕಡಿಮೆ ಇರುವುದು ಅದೇ.

ಹಾಗಾದರೆ ಕೆಲಸ ಎಲ್ಲಿ ಆಗುತ್ತಿದೆ? ನನಗೆ ಹೆಚ್ಚು ಭರವಸೆ ಇರುವುದು ಬೇಸಿಗೆಯ ಕುಟುಂಬ ಸಮ್ಮೇಳನಗಳ ಮೇಲೆ. ದೇಶದ ಮೂಲೆಮೂಲೆಯಿಂದ ನೂರು-ಇನ್ನೂರು ನೆಂಟರು ಅಜ್ಜಿಯ ಊರಿಗೆ ಬರುತ್ತಾರೆ, ಎಲ್ಲರೂ ಮನೆತನದ ಹೆಸರು ಅಚ್ಚಾದ ಒಂದೇ ಬಣ್ಣದ ಟೀ-ಶರ್ಟ್ ತೊಡುತ್ತಾರೆ, ಶನಿವಾರ ಊಟ, ಭಾನುವಾರ ಚರ್ಚು. ಬಿಡುಗಡೆಯ ನಂತರ ಚದುರಿದವರನ್ನು ಹುಡುಕುತ್ತಿದ್ದ ಹಂಬಲವೇ ಇಲ್ಲಿ ಹಬ್ಬದ ರೂಪ ತಾಳಿದೆ. ಅಲ್ಲಿ ಒಂದು ಮೂಲೆಯಲ್ಲಿ ಸ್ಕ್ಯಾನರ್ ಇಟ್ಟು, ಫೋಟೊದ ಹಿಂದೆ ಮೆತ್ತನೆ ಪೆನ್ಸಿಲ್ಲಿನಲ್ಲಿ ಪೂರ್ತಿ ಹೆಸರು ಬರೆಸಿ, ಅತ್ತೆಯೊಬ್ಬರನ್ನು ಅರ್ಧ ಗಂಟೆ ಫೋನಿನ ಮುಂದೆ ಕೂರಿಸಿದರೂ ದೊಡ್ಡ ಸಂಗ್ರಹಾಲಯಕ್ಕೆ ಆಗದ ಕೆಲಸ ಆಗಿಬಿಡುತ್ತದೆ. ಕೇಳುವ ಪ್ರಶ್ನೆ ಮಾತ್ರ ಸರಿಯಾಗಿರಬೇಕು. ‘ನಿಮ್ಮ ಬದುಕಿನ ಬಗ್ಗೆ ಹೇಳಿ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಮದುವೆಗೆ ಮುಂಚೆ ನಿಮ್ಮ ಅಮ್ಮನ ಮನೆಹೆಸರು ಏನು, ಬಾವಿ ಎಲ್ಲಿತ್ತು, ನಿಮ್ಮನ್ನು ಸಾಕಿದ್ದು ಯಾರು, ಕಲ್ಲಿಲ್ಲದ ಆ ಗೋರಿ ಯಾರದು ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಜೊತೆಗೆ ‘ಆಂಟಿ’ ಎಂದು ಕರೆಸಿಕೊಂಡು ಮನೆಯಲ್ಲೇ ಬೆಳೆದ, ರಕ್ತಸಂಬಂಧವಿಲ್ಲದವರನ್ನೂ ಬರೆದುಕೊಳ್ಳಬೇಕು. ಮಾರಾಟದಲ್ಲಿ ಮನೆಗಳು ಒಡೆದಾಗ ಮಕ್ಕಳನ್ನು ಉಳಿಸಿದ್ದು ಅಂಥವರೇ.

ಆಫ್ರಿಕಾದಿಂದ ಜನರನ್ನು ಹೊತ್ತ ಹಡಗುಗಳು ಅಮೆರಿಕಕ್ಕೆ ಮಾತ್ರ ಹೋಗಲಿಲ್ಲ ಎಂಬುದನ್ನು ಕನ್ನಡಿಗರಾದ ನಾವು ಮರೆಯುವಂತಿಲ್ಲ. ಪೋರ್ಚುಗೀಸರು ಗೋವಾಕ್ಕೆ ತಂದ ಪೂರ್ವ ಆಫ್ರಿಕಾದ ಜನರಲ್ಲಿ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರ ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿಗಳು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರೊಳಗಿನಿಂದ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ತಮ್ಮ ಮೂಲದ ನುಡಿ ಇಂದು ಅವರ ಮನೆಮಾತಲ್ಲ. ಕೊಂಕಣಿ, ಕನ್ನಡ ಆಡುತ್ತಾರೆ. ಉಳಿದಿರುವುದರಲ್ಲಿ ದಮಾಮಿ ಡೋಲಿನ ಬಡಿತವಿದೆ, ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಿದೆ. ಮನೆಮಂದಿಯ ಹಳೇ ಸೀರೆ, ಲುಂಗಿ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಹೊಲಿದು, ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ‘ಫುಲಾ’ ಇಟ್ಟು ಮುಗಿಸುತ್ತಾರೆ. ಫುಲಾ ಇಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ. ಈಗ ಅದು ಪಟ್ಟಣದ ಕರಕುಶಲ ಮೇಳಗಳಿಗೂ ವಿದೇಶದ ಪ್ರದರ್ಶನಗಳಿಗೂ ಹೋಗುತ್ತದೆ. ಆದರೆ ಯಾವ ತುಂಡು ಯಾರ ಸೀರೆ, ಯಾವುದು ಯಾವ ಮಗುವಿನ ಅಂಗಿ ಎಂದು ಬಲ್ಲವಳು ಹೊಲಿದಾಕೆ ಒಬ್ಬಳೇ. ಕೊಂಡವರಲ್ಲಿ ಎಷ್ಟು ಜನ ಅವಳನ್ನು ಕೇಳಿ ಬರೆದುಕೊಂಡಿದ್ದಾರು?